ಅರೆಘನ ಸ್ಥಿತಿಯಲ್ಲಿ ರೂಪುಗೊಂಡ ಉಕ್ಕು ಮತ್ತು ಉಷ್ಣೋಪಚಾರ

ಉಕ್ಕಿಗೆ ಆಕಾರ ಕೊಡಲು ಮನುಷ್ಯನು ಬಹುಕಾಲದಿಂದ ಎರಡು ಮುಖ್ಯ ಮಾರ್ಗಗಳನ್ನು ಅನುಸರಿಸಿಕೊಂಡು ಬಂದಿದ್ದಾನೆ. ಲೋಹವನ್ನು ಪೂರ್ತಿಯಾಗಿ ಕರಗಿಸಿ ಅಚ್ಚಿಗೆ ಹೊಯ್ಯುವುದು ಒಂದು, ಇದು ಎರಕ. ಲೋಹವನ್ನು ಕೆಂಪಗೆ ಕಾಯಿಸಿ, ಕರಗಲು ಬಿಡದೆ, ಸುತ್ತಿಗೆಯಿಂದಲೋ ಒತ್ತುಯಂತ್ರದಿಂದಲೋ ಬಡಿದು ರೂಪಿಸುವುದು ಇನ್ನೊಂದು; ಇದು ಕಮ್ಮಾರಿಕೆ. ಎರಕದಲ್ಲಿ ಎಂಥ ಜಟಿಲವಾದ ಆಕಾರವನ್ನಾದರೂ ಪಡೆಯಬಹುದು. ಆದರೆ ಒಳಗೆ ಗಾಳಿಯ ಗುಳ್ಳೆ, ಕುಗ್ಗುವಿಕೆಯ ಪೊಳ್ಳು, ಒರಟು ರಚನೆ ಇವು ಉಳಿಯುವ ಭಯವುಂಟು. ಕಮ್ಮಾರಿಕೆಯಿಂದ ದೊರೆಯುವ ವಸ್ತು ಗಟ್ಟಿಮುಟ್ಟಾದುದು. ಆದರೆ ಅದರ ಆಕಾರ ಸರಳವಾಗಿರಬೇಕು, ಒತ್ತಡ ಅಪಾರವಾಗಿರಬೇಕು, ಕೊನೆಗೆ ಯಂತ್ರದಲ್ಲಿ ಕೆತ್ತಿ ತೆಗೆಯಬೇಕಾದ ಲೋಹವೂ ಬಹಳ. ಎರಡೂ ಮಾರ್ಗಗಳ ಗುಣಗಳನ್ನು ಒಂದೆಡೆ ಕೂಡಿಸುವ ಪ್ರಯತ್ನದ ಫಲವಾಗಿ ಹುಟ್ಟಿದುದೇ ಮೂರನೆಯ ಮಾರ್ಗ. ಇದರಲ್ಲಿ ಲೋಹವು ಪೂರ್ತಿ ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಎರಡರ ನಡುವಣ ಹದದಲ್ಲಿದ್ದಾಗಲೇ ಅದನ್ನು ಅಚ್ಚಿಗೆ ಒತ್ತಲಾಗುತ್ತದೆ. ಇದನ್ನು ಅರೆಘನ ರೂಪಣ ಎನ್ನಬಹುದು.

ಈ ಮಾರ್ಗದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹಗಳು ಕಾರ್ಖಾನೆಯನ್ನು ಪ್ರವೇಶಿಸಿ ದಶಕಗಳಾದವು. ಉಕ್ಕು ಮಾತ್ರ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಇದಕ್ಕೆ ಅದರ ಅತಿಯಾದ ಉಷ್ಣತೆಯೊಂದೇ ಕಾರಣವಲ್ಲ. ಅಚ್ಚಿನಿಂದ ಹೊರಬಂದ ಉಕ್ಕಿನ ತುಂಡು ನೋಡಲು ಅಂದವಾಗಿದ್ದರೂ ಅದರ ಒಳರಚನೆ ಇನ್ನೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಆ ತುಂಡು ಭಾರವನ್ನು ಹೊತ್ತು ವರ್ಷಗಟ್ಟಲೆ ಬಾಳುವುದೋ, ಮೊದಲ ಪೆಟ್ಟಿಗೇ ಸೀಳಿಹೋಗುವುದೋ ಎಂಬುದು ಅದಕ್ಕೆ ಮುಂದೆ ನೀಡುವ ಉಷ್ಣೋಪಚಾರದ ಮೇಲೆ ನಿಂತಿದೆ. ಆ ಉಪಚಾರವು ಉಕ್ಕಿನ ಅಂತರಂಗದಲ್ಲಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ಇಲ್ಲಿಯ ವಿಷಯ.

ಅರೆಘನ ಸ್ಥಿತಿ ಎಂದರೇನು?

ಶುದ್ಧವಾದ ನೀರು ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಶುದ್ಧ ಲೋಹವೂ ಹಾಗೆಯೇ. ಆದರೆ ಮಿಶ್ರಲೋಹದ ನಡತೆ ಬೇರೆ. ಅದು ಒಂದು ಉಷ್ಣತೆಯಲ್ಲಿ ಕರಗತೊಡಗಿ, ಅದಕ್ಕಿಂತ ಹೆಚ್ಚಿನ ಇನ್ನೊಂದು ಉಷ್ಣತೆಯಲ್ಲಿ ಪೂರ್ತಿ ಕರಗುತ್ತದೆ. ಈ ಎರಡು ಉಷ್ಣತೆಗಳ ನಡುವಣ ಅವಧಿಯಲ್ಲಿ ಘನಕಣಗಳೂ ದ್ರವವೂ ಒಟ್ಟಿಗಿರುತ್ತವೆ. ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಹೆಚ್ಚಿದಷ್ಟೂ ಸಾಮಾನ್ಯವಾಗಿ ಈ ಅವಧಿ ಅಗಲವಾಗುತ್ತದೆ.

ಬೆಲ್ಲದ ಪಾಕವನ್ನು ಕಾಯಿಸುವ ಗೃಹಿಣಿಗೆ ಹದದ ಬೆಲೆ ಗೊತ್ತು. ಎಳೆಪಾಕ ಒಂದಕ್ಕೆ ಸಲ್ಲುತ್ತದೆ, ಉಂಡೆಪಾಕ ಇನ್ನೊಂದಕ್ಕೆ; ನಿಮಿಷ ತಪ್ಪಿದರೆ ಉಂಡೆ ಕಟ್ಟುವುದಿಲ್ಲ. ಅರೆಘನ ಲೋಹದ ವಿಷಯದಲ್ಲಿಯೂ ಹೀಗೆಯೇ. ದ್ರವದ ಪಾಲು ಸುಮಾರು ಶೇಕಡಾ ೩೦ರಿಂದ ೫೦ರವರೆಗೆ ಇರುವಂತೆ ಉಷ್ಣತೆಯನ್ನು ಹಿಡಿದಿಟ್ಟರೆ ಲೋಹದ ದಿಂಡು ತನ್ನ ಆಕಾರವನ್ನು ಬಿಡದೆ ನೆಟ್ಟಗೆ ನಿಲ್ಲುತ್ತದೆ. ಆದರೆ ಚಾಕುವಿನಿಂದ ಬೆಣ್ಣೆಯಂತೆ ಕತ್ತರಿಸಲು ಬರುತ್ತದೆ. ಒತ್ತಿದಾಗ ದ್ರವದಂತೆ ಹರಿಯುತ್ತದೆ, ಬಿಟ್ಟಾಗ ಮತ್ತೆ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಗಟ್ಟಿಯಾಗಿ ನಿಂತ ಬಣ್ಣವು ಕುಂಚದಿಂದ ಕಲಕಿದೊಡನೆ ತೆಳ್ಳಗಾಗಿ, ಗೋಡೆಗೆ ಬಳಿದ ಮೇಲೆ ಸುರಿದುಹೋಗದೆ ನಿಲ್ಲುವುದು ಇದೇ ಗುಣದಿಂದ. ಈ ಗುಣಕ್ಕೆ ಥಿಕ್ಸೊಟ್ರೊಪಿ ಎಂದು ಹೆಸರು. ಆದುದರಿಂದಲೇ ಈ ವಿಧಾನಕ್ಕೆ ಥಿಕ್ಸೊಫಾರ್ಮಿಂಗ್ ಎಂಬ ಹೆಸರೂ ಬಂದಿದೆ.

ಎಲ್ಲ ಅರೆಘನ ಲೋಹವೂ ಹೀಗೆ ವರ್ತಿಸುವುದಿಲ್ಲ ಎಂಬುದು ಮುಖ್ಯವಾದ ಮಾತು. ಸಾಮಾನ್ಯ ಎರಕದಲ್ಲಿ ಲೋಹವು ಹೆಪ್ಪುಗಟ್ಟುವಾಗ ಸ್ಫಟಿಕಗಳು ಕೊಂಬೆರೆಂಬೆಗಳನ್ನು ಚಾಚಿಕೊಂಡು ಪುಟ್ಟ ಮರಗಳಂತೆ ಬೆಳೆಯುತ್ತವೆ. ಇವುಗಳಿಗೆ ಡೆಂಡ್ರೈಟ್ ಎಂದು ಹೆಸರು; ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ. ಹಳ್ಳಕ್ಕೆ ಬಿದ್ದ ಮುಳ್ಳುಕಂಟಿಗಳು ಒಂದಕ್ಕೊಂದು ಸಿಕ್ಕಿಕೊಂಡು ನೀರಿನ ಹರಿವನ್ನು ತಡೆಯುವಂತೆ, ಈ ಕೊಂಬೆಗಳು ಹೆಣೆದುಕೊಂಡು ಲೋಹದ ಹರಿವನ್ನು ತಡೆಯುತ್ತವೆ. ಅದೇ ಘನಕಣಗಳು ಗುಂಡಗಿದ್ದರೆ, ಪಾಯಸದಲ್ಲಿಯ ಸಾಬೂದಾನಿಯಂತೆ ಒಂದರ ಮೇಲೊಂದು ಜಾರಿ ಸಲೀಸಾಗಿ ಸಾಗುತ್ತವೆ.

ಈ ಸಂಗತಿ ಬೆಳಕಿಗೆ ಬಂದುದು ೧೯೭೦ರ ದಶಕದ ಆರಂಭದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ. ಅಲ್ಲಿ ಪ್ರಾಧ್ಯಾಪಕ ಮರ್ಟನ್ ಫ್ಲೆಮಿಂಗ್ಸ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ ಡೇವಿಡ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ, ಎರಕವು ಬಿಸಿಯಲ್ಲಿಯೇ ಬಿರಿಯುವುದೇಕೆ ಎಂಬುದನ್ನು ಪರಿಶೀಲಿಸುತ್ತಿದ್ದನು. ಶೇಕಡಾ ೧೫ರಷ್ಟು ಸೀಸವನ್ನುಳ್ಳ ತವರದ ಮಿಶ್ರಲೋಹವನ್ನು ಹೆಪ್ಪುಗಟ್ಟುತ್ತಿರುವಾಗಲೇ ಎಡೆಬಿಡದೆ ಕಲಕಿದರೆ ಅದು ನಿರೀಕ್ಷೆಗಿಂತ ಬಹಳ ಸುಲಭವಾಗಿ ಹರಿಯುವುದು ಅವನ ಗಮನಕ್ಕೆ ಬಂದಿತು. ಕಲಕುವಿಕೆಯಿಂದ ಕೊಂಬೆಗಳು ಮುರಿದು, ಕಣಗಳು ದುಂಡಗಾಗಿದ್ದುವು. ಬಿರುಕಿನ ಕಾರಣವನ್ನು ಅರಸುತ್ತ ಹೊರಟವನಿಗೆ ಹೊಸದೊಂದು ವಿಧಾನವೇ ದೊರೆತಂತಾಯಿತು. ೧೯೭೨ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಉಕ್ಕಿನ ಹಾದಿ

ಅಲ್ಯೂಮಿನಿಯಂ ಮಿಶ್ರಲೋಹಗಳು ಅರೆಘನವಾಗಲು ೫೫೦ರಿಂದ ೬೨೦ ಡಿಗ್ರಿ ಸೆಲ್ಸಿಯಸ್ ಸಾಕು. ಉಕ್ಕುಗಳಿಗಾದರೋ ಅವುಗಳ ಜಾತಿಗನುಸಾರವಾಗಿ ಸುಮಾರು ೧೨೫೦ರಿಂದ ೧೪೫೦ ಡಿಗ್ರಿ ಬೇಕು. ಈ ಬಿಸಿಗೆ ಅಚ್ಚುಗಳು ಬೇಗ ಸವೆಯುತ್ತವೆ, ಬಿರಿಯುತ್ತವೆ; ಉಕ್ಕಿನ ಮೇಲ್ಮೈ ಗಾಳಿಯ ಆಮ್ಲಜನಕದೊಡನೆ ಕೂಡಿ ಹೊಪ್ಪಳಿಕೆ ಏಳುತ್ತದೆ; ಉಷ್ಣತೆ ಸ್ವಲ್ಪವೇ ಏರುಪೇರಾದರೂ ದ್ರವದ ಪಾಲು ಬದಲಾಗುತ್ತದೆ. ಹೀಗಿದ್ದರೂ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಆಖೆನ್, ಬೆಲ್ಜಿಯಂ ದೇಶದ ಲಿಯೇಜ್, ಜೆಕ್ ದೇಶದ ಪ್ಲ್ಜೆನ್ ಮುಂತಾದೆಡೆಗಳ ವಿಶ್ವವಿದ್ಯಾಲಯಗಳಲ್ಲಿ ಉಕ್ಕಿನ ಅರೆಘನ ರೂಪಣದ ಬಗೆಗೆ ದೀರ್ಘಕಾಲದ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿಧಾನವನ್ನು ಕುರಿತು, ಮುಖ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ, ಸಂಶೋಧನೆಗಳಾಗಿವೆ.

ಉಕ್ಕಿನಲ್ಲಿ ದುಂಡುಕಣಗಳನ್ನು ಪಡೆಯಲು ಕಲಕಲೇಬೇಕೆಂದೇನೂ ಇಲ್ಲ. ಬಡಿದು ಅಥವಾ ಉರುಳುಗಳ ನಡುವೆ ಒತ್ತಿ ತಯಾರಿಸಿದ ಸರಳನ್ನು ಮತ್ತೆ ಕಾಯಿಸಿದಾಗ, ಒಳಗಿನ ತುಯ್ತದಿಂದಾಗಿ ಹೊಸ ಪುಟ್ಟ ಕಣಗಳು ಹುಟ್ಟುತ್ತವೆ; ಮುಂದೆ ಕರಗುವಿಕೆ ಮೊದಲಾದಾಗ ದ್ರವವು ಆ ಕಣಗಳ ಅಂಚುಗಳನ್ನು ಸುತ್ತುವರಿದು ಅವುಗಳನ್ನು ದುಂಡಗೆ ಮಾಡುತ್ತದೆ. ಹೀಗೆ ಸಿದ್ಧವಾದ ದಿಂಡನ್ನು ಒತ್ತುಯಂತ್ರವು ಅಚ್ಚಿಗೆ ತುಂಬುತ್ತದೆ. ದ್ರವವು ಚಿಮ್ಮದೆ ಶಾಂತವಾಗಿ ತುಂಬುವುದರಿಂದ ಗಾಳಿ ಒಳಗೆ ಸಿಕ್ಕಿಕೊಳ್ಳುವುದು ಕಡಿಮೆ. ಇದು ಉಷ್ಣೋಪಚಾರದ ದೃಷ್ಟಿಯಿಂದ ದೊಡ್ಡ ಲಾಭ. ಒತ್ತಡದಿಂದ ದ್ರವಲೋಹವನ್ನು ಚಿಮ್ಮಿಸಿ ಮಾಡಿದ ಎರಕಗಳನ್ನು ಮತ್ತೆ ಹೆಚ್ಚಾಗಿ ಕಾಯಿಸಿದರೆ ಒಳಗೆ ಸೆರೆಯಾದ ಗಾಳಿ ಹಿಗ್ಗಿ ಮೇಲ್ಮೈಯಲ್ಲಿ ಬೊಕ್ಕೆಗಳೇಳುತ್ತವೆ. ಅರೆಘನ ರೂಪಣದ ವಸ್ತುಗಳಲ್ಲಿ ಆ ತೊಂದರೆ ಕಡಿಮೆಯಾದುದರಿಂದಲೇ ಅವುಗಳಿಗೆ ಉಷ್ಣೋಪಚಾರ ಸಾಧ್ಯವಾಗುತ್ತದೆ.

ಒಂದು ಸೂಜಿಯ ಪಾಠ

ಉಷ್ಣೋಪಚಾರವೆಂದರೆ ಆಕಾರವನ್ನು ಬದಲಿಸದೆ, ಕಾಯಿಸುವ ಮತ್ತು ಆರಿಸುವ ಕ್ರಮದಿಂದಲೇ ಲೋಹದ ಗುಣವನ್ನು ಬದಲಿಸುವ ವಿದ್ಯೆ. ಶಾಲೆಯ ಪ್ರಯೋಗಶಾಲೆಯಲ್ಲಿ ಮೂರು ಹೊಲಿಗೆಯ ಸೂಜಿಗಳಿಂದ ಇದನ್ನು ತೋರಿಸಬಹುದು. ಒಂದನ್ನು ಕೆಂಪಗೆ ಕಾಯಿಸಿ, ಉರಿಯಿಂದ ಮೆಲ್ಲಮೆಲ್ಲನೆ ಹೊರತೆಗೆದು ಆರಿಸಿದರೆ ಅದು ತಂತಿಯಂತೆ ಬಾಗುತ್ತದೆ. ಇನ್ನೊಂದನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿನಲ್ಲಿ ಅದ್ದಿದರೆ ಅದು ಗಾಜಿನಂತೆ ಗಡುಸಾಗಿ, ಬಾಗಿಸಹೋದರೆ ಮುರಿಯುತ್ತದೆ. ಮೂರನೆಯದನ್ನು ಹಾಗೆಯೇ ಅದ್ದಿ, ಉಜ್ಜಿ ಹೊಳಪು ಮಾಡಿ, ನೀಲಿಬಣ್ಣ ಬರುವವರೆಗೆ, ಎಂದರೆ ಸುಮಾರು ೩೦೦ ಡಿಗ್ರಿಯವರೆಗೆ, ಮತ್ತೆ ಮೆಲ್ಲನೆ ಕಾಯಿಸಿದರೆ ಅದು ಬಾಗಿ ಮತ್ತೆ ಸ್ಪ್ರಿಂಗಿನಂತೆ ನೆಟ್ಟಗಾಗುತ್ತದೆ. ಲೋಹ ಒಂದೇ, ಇಂಗಾಲ ಅಷ್ಟೇ. ಬದಲಾದುದು ಒಳರಚನೆ ಮಾತ್ರ.

ಆ ಒಳರಚನೆಯನ್ನು ಕಣ್ಣಾರೆ ಕಾಣುವ ಮಾರ್ಗವನ್ನು ತೆರೆದವನು ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸೋರ್ಬಿ. ೧೮೬೩ರ ಸುಮಾರಿಗೆ ಅವನು ಉಕ್ಕಿನ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಲಘುವಾಗಿ ಕೊರೆಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅಂದಿನಿಂದ ಕಂಡುಬಂದ ವಿಷಯಗಳ ಸಾರ ಹೀಗಿದೆ. ಕಬ್ಬಿಣದ ಪರಮಾಣುಗಳು ೯೧೨ ಡಿಗ್ರಿಯ ಕೆಳಗೆ ಒಂದು ಬಗೆಯಾಗಿಯೂ, ಅದರ ಮೇಲೆ ಇನ್ನೊಂದು ಬಗೆಯಾಗಿಯೂ ಜೋಡಿಸಿಕೊಳ್ಳುತ್ತವೆ. ಮೊದಲಿನದು ಫೆರೈಟ್, ಇದರಲ್ಲಿ ಇಂಗಾಲಕ್ಕೆ ಬಹುಮಟ್ಟಿಗೆ ಎಡೆಯೇ ಇಲ್ಲ. ಎರಡನೆಯದು ಆಸ್ಟೆನೈಟ್, ಇದು ಶೇಕಡಾ ಎರಡರಷ್ಟು ಇಂಗಾಲವನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಆಸ್ಟೆನೈಟನ್ನು ನಿಧಾನವಾಗಿ ಆರಿಸಿದರೆ ಇಂಗಾಲವು ಹೊರಬಂದು, ಕಬ್ಬಿಣದೊಡನೆ ಕೂಡಿ ಕಾರ್ಬೈಡ್ ಆಗಿ, ಫೆರೈಟಿನೊಡನೆ ಪದರಪದರವಾಗಿ ನಿಲ್ಲುತ್ತದೆ, ಇದು ಪರ್ಲೈಟ್. ಥಟ್ಟನೆ ಆರಿಸಿದರೆ ಹೊರಬರಲು ಇಂಗಾಲಕ್ಕೆ ಸಮಯ ಸಾಲದೆ, ಅದು ಒಳಗೇ ಸಿಕ್ಕಿಬಿದ್ದು, ಪರಮಾಣುಗಳ ಜೋಡಣೆಯೇ ಸೆಟೆದು, ಅತಿ ಗಡುಸಾದ ಮಾರ್ಟೆನ್ಸೈಟ್ ಹುಟ್ಟುತ್ತದೆ. ಅದನ್ನು ಮತ್ತೆ ಸ್ವಲ್ಪ ಕಾಯಿಸಿ ಬಿಗಿತವನ್ನು ಸಡಿಲಿಸುವುದಕ್ಕೆ ಕಾರ್ಖಾನೆಯವರು ಟೆಂಪರಿಂಗ್ ಎನ್ನುತ್ತಾರೆ.

ಅಚ್ಚಿನಿಂದ ಹೊರಬಂದಾಗ

ಅರೆಘನ ರೂಪಣದಲ್ಲಿ ಬಹಳವಾಗಿ ಪರಿಶೀಲಿಸಲ್ಪಟ್ಟ ಉಕ್ಕುಗಳಲ್ಲಿ ಜರ್ಮನಿಯ ವರ್ಗೀಕರಣದಲ್ಲಿ ಎಕ್ಸ್ ೨೧೦ ಸಿಆರ್‌ಡಬ್ಲ್ಯು ೧೨ ಎಂದು ಕರೆಯಲಾಗುವ ಉಪಕರಣದ ಉಕ್ಕು ಒಂದು. ಇದರಲ್ಲಿ ಸುಮಾರು ಶೇಕಡಾ ೨.೧ ಇಂಗಾಲ, ಶೇಕಡಾ ೧೨ ಕ್ರೋಮಿಯಂ, ಅಲ್ಪಪ್ರಮಾಣದ ಟಂಗ್‌ಸ್ಟನ್ ಇರುತ್ತವೆ. ತಗಡು ಕತ್ತರಿಸುವ ಉಳಿ, ಒತ್ತಚ್ಚು ಮುಂತಾದ ಸವೆಯಬಾರದ ಉಪಕರಣಗಳಿಗೆ ಇದು ಬಳಕೆಯಾಗುತ್ತದೆ. ಇದು ಸುಮಾರು ೧೨೨೫ ಡಿಗ್ರಿಯ ಹತ್ತಿರ ಕರಗತೊಡಗಿ, ೧೩೭೦ ಡಿಗ್ರಿಯ ಸುಮಾರಿಗೆ ಪೂರ್ತಿ ಕರಗುವುದರಿಂದ ಅರೆಘನ ಸ್ಥಿತಿಗೆ ಸಾಕಷ್ಟು ಅವಕಾಶ ದೊರೆಯುತ್ತದೆ.

ಈ ಉಕ್ಕಿನ ದಿಂಡು ಅರೆಘನವಾಗಿರುವಾಗ ಅದರ ಘನಕಣಗಳು ಆಸ್ಟೆನೈಟಿನ ದುಂಡುಗಳು. ಅವುಗಳ ಗಾತ್ರ ಹೆಚ್ಚುಕಡಿಮೆ ತಲೆಗೂದಲಿನ ದಪ್ಪದಷ್ಟು. ಅವುಗಳ ನಡುವಣ ದ್ರವದಲ್ಲಿ ಇಂಗಾಲವೂ ಕ್ರೋಮಿಯಮ್ಮೂ ಹೆಚ್ಚಾಗಿ ಸೇರಿಕೊಂಡಿರುತ್ತವೆ. ಏಕೆಂದರೆ ಈ ಧಾತುಗಳಿಗೆ ಘನಕ್ಕಿಂತ ದ್ರವವೇ ಪ್ರಿಯ. ಒತ್ತಿದ ವಸ್ತು ಅಚ್ಚಿನಲ್ಲಿ ಶೀಘ್ರವಾಗಿ ಆರಿದಾಗ ಎರಡು ಘಟನೆಗಳು ನಡೆಯುತ್ತವೆ.

ಮೊದಲನೆಯದು ದ್ರವದಲ್ಲಿ. ಅದು ಕೊನೆಗೆ ಹೆಪ್ಪುಗಟ್ಟುವಾಗ ಆಸ್ಟೆನೈಟಿನ ತೆಳುಪದರಗಳೂ ಕ್ರೋಮಿಯಂ ಕಾರ್ಬೈಡೂ ಒಂದರೊಡನೊಂದು ಹೆಣೆದುಕೊಂಡ ಮಿಶ್ರಣವಾಗುತ್ತದೆ. ಇದಕ್ಕೆ ಯೂಟೆಕ್ಟಿಕ್ ಎಂದು ಹೆಸರು. ಈ ಕಾರ್ಬೈಡು ಮರಳಿನ ಕಣಕ್ಕಿಂತಲೂ ಗಡುಸಾದುದು, ಅಷ್ಟೇ ಬಿರುಸಾದುದು. ದುಂಡುಗಳ ಸುತ್ತ ಅದು ಮೀನಿನ ಬಲೆಯಂತೆ ಹರಡಿಕೊಳ್ಳುತ್ತದೆ.

ಎರಡನೆಯದು ದುಂಡುಗಳಲ್ಲಿ. ಅಷ್ಟು ಹೆಚ್ಚಿನ ಉಷ್ಣತೆಯಲ್ಲಿ ಅವು ಬಹಳಷ್ಟು ಇಂಗಾಲವನ್ನೂ ಕ್ರೋಮಿಯಮ್ಮನ್ನೂ ಕರಗಿಸಿಕೊಂಡಿರುತ್ತವೆ. ಶೀಘ್ರವಾಗಿ ಆರಿದಾಗ ಸಾಮಾನ್ಯ ಉಕ್ಕಾದರೆ ಮಾರ್ಟೆನ್ಸೈಟ್ ಆಗಬೇಕು. ಆದರೆ ಇಲ್ಲಿ ಹಾಗಾಗುವುದಿಲ್ಲ. ಮಾರ್ಟೆನ್ಸೈಟ್ ಹುಟ್ಟತೊಡಗುವ ಉಷ್ಣತೆಯು ಆಸ್ಟೆನೈಟಿನಲ್ಲಿ ಕರಗಿದ ಧಾತುಗಳಿಗೆ ಅನುಸಾರವಾಗಿ ಕೆಳಗಿಳಿಯುತ್ತದೆ. ೧೯೬೫ರಲ್ಲಿ ಆಂಡ್ರ್ಯೂಸ್ ಎಂಬ ವಿಜ್ಞಾನಿ ಕೊಟ್ಟ ಸೂತ್ರದಂತೆ ಈ ಉಷ್ಣತೆಯು ೫೩೯ ಡಿಗ್ರಿಯಿಂದ ಮೊದಲಾಗಿ, ಶೇಕಡಾ ಒಂದರಷ್ಟು ಇಂಗಾಲಕ್ಕೆ ೪೨೩ ಡಿಗ್ರಿಯಷ್ಟೂ, ಶೇಕಡಾ ಒಂದರಷ್ಟು ಕ್ರೋಮಿಯಮ್ಮಿಗೆ ೧೨ ಡಿಗ್ರಿಯಷ್ಟೂ ಇಳಿಯುತ್ತದೆ. ಈ ಸೂತ್ರ ಕಡಿಮೆ ಮಿಶ್ರಣದ ಉಕ್ಕುಗಳಿಗಾಗಿ ರಚಿತವಾದುದು. ಆದರೂ ಸ್ಥೂಲವಾದ ಅಂದಾಜಿಗೆ ಸಹಾಯಕವಾಗುತ್ತದೆ. ದುಂಡಿನಲ್ಲಿ ಶೇಕಡಾ ೧.೨ ಇಂಗಾಲ, ಶೇಕಡಾ ೧೦ ಕ್ರೋಮಿಯಂ ಕರಗಿದೆಯೆಂದು ಹಿಡಿದರೆ, ೫೩೯ರಿಂದ ಇಂಗಾಲದ ಪಾಲಿಗೆ ಸುಮಾರು ೫೦೮ನ್ನೂ ಕ್ರೋಮಿಯಮ್ಮಿನ ಪಾಲಿಗೆ ಸುಮಾರು ೧೨೦ನ್ನೂ ಕಳೆಯಬೇಕು. ಉಳಿಯುವುದು ಸೊನ್ನೆಗಿಂತ ಸುಮಾರು ೯೦ ಡಿಗ್ರಿ ಕೆಳಗಿನ ಸಂಖ್ಯೆ. ಎಂದರೆ ಕೋಣೆಯ ಉಷ್ಣತೆಯವರೆಗೆ ಆರಿದರೂ ಮಾರ್ಟೆನ್ಸೈಟ್ ಹುಟ್ಟುವ ಮಾತೇ ಇಲ್ಲ. ಆಸ್ಟೆನೈಟು ಆಸ್ಟೆನೈಟಾಗಿಯೇ ಉಳಿಯುತ್ತದೆ.

ಹೀಗೆ ಅಚ್ಚಿನಿಂದ ಹೊರಬಂದ ವಸ್ತು ವಿಚಿತ್ರವಾದುದು: ಬಹುಪಾಲು ಮೆದುವಾದ, ಅಸ್ಥಿರವಾದ ಆಸ್ಟೆನೈಟಿನ ದುಂಡುಗಳು, ಅವುಗಳ ಸುತ್ತ ಅತಿ ಗಡುಸಾದ ಕಾರ್ಬೈಡಿನ ಬಲೆ. ಉಪಕರಣಕ್ಕೆ ಬೇಕಾದ ಸಮನಾದ ಗಡಸುತನ ಇದರಲ್ಲಿಲ್ಲ. ಪೆಟ್ಟನ್ನು ತಾಳುವ ಶಕ್ತಿಯೂ ಇಲ್ಲ.

ಐನೂರು ಡಿಗ್ರಿಯ ಆಸುಪಾಸಿನಲ್ಲಿ

ಇಂಥ ಉಕ್ಕನ್ನು ೫೦೦ರಿಂದ ೬೦೦ ಡಿಗ್ರಿಗಳ ನಡುವೆ ಕಾಯಿಸಿ ಹಿಡಿದಾಗ ಅದರ ಅಂತರಂಗದಲ್ಲಿ ಮುಖ್ಯವಾದ ಮಾರ್ಪಾಡು ಆರಂಭವಾಗುತ್ತದೆ. ಆಸ್ಟೆನೈಟು ತಾನು ಹೊರಲಾರದಷ್ಟು ಇಂಗಾಲವನ್ನು ಹೊತ್ತುಕೊಂಡಿರುತ್ತದೆ. ಈ ಬಿಸಿಯಲ್ಲಿ ಪರಮಾಣುಗಳಿಗೆ ಅಷ್ಟಿಷ್ಟು ಚಲನೆ ದೊರೆತೊಡನೆ ಇಂಗಾಲವೂ ಕ್ರೋಮಿಯಮ್ಮೂ ಕೂಡಿಕೊಂಡು ಅತಿ ಸಣ್ಣ ಕಾರ್ಬೈಡ್ ಕಣಗಳಾಗಿ ದುಂಡಿನ ಒಳಗೆಲ್ಲ ಹರಡಿಕೊಳ್ಳುತ್ತವೆ. ಆಸ್ಟೆನೈಟಿನ ಭಾರ ಹಗುರಾಗುತ್ತದೆ. ಅದರಲ್ಲಿ ಈಗ ಶೇಕಡಾ ೦.೭ ಇಂಗಾಲ, ಶೇಕಡಾ ೭ ಕ್ರೋಮಿಯಂ ಉಳಿದಿದೆಯೆಂದು ಭಾವಿಸಿದರೆ, ಅದೇ ಸೂತ್ರದಂತೆ ಮಾರ್ಟೆನ್ಸೈಟ್ ಹುಟ್ಟತೊಡಗುವ ಉಷ್ಣತೆ ಸುಮಾರು ೧೬೦ ಡಿಗ್ರಿಗೆ ಏರುತ್ತದೆ. ಆದುದರಿಂದ ಕುಲುಮೆಯಿಂದ ಹೊರತೆಗೆದು ಆರಿಸುವಾಗ ದುಂಡುಗಳು ಮಾರ್ಟೆನ್ಸೈಟ್ ಆಗಿ ಗಡುಸುಗೊಳ್ಳುತ್ತವೆ. ಕಾಯಿಸಿದರೆ ಉಕ್ಕು ಮೆದುವಾಗುವುದೆಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಕಾಯಿಸಿದುದರಿಂದಲೇ ಉಕ್ಕು ಗಡುಸಾಯಿತು. ಇದನ್ನು ದ್ವಿತೀಯ ಗಡಸಾಗುವಿಕೆ ಎನ್ನುವರು.

ಈ ಹಂತದಲ್ಲಿ ಕೆಲಸ ಮುಗಿಯಿತೆಂದು ಬಿಡುವಂತಿಲ್ಲ. ಹೊಸದಾಗಿ ಹುಟ್ಟಿದ ಮಾರ್ಟೆನ್ಸೈಟ್ ಸೂಜಿಯ ಎರಡನೆಯ ಪ್ರಯೋಗದಂತೆ ಬಿರುಸಾಗಿರುತ್ತದೆ. ಅದು ಹುಟ್ಟುವಾಗ ಗಾತ್ರವೂ ಹಿಗ್ಗುವುದರಿಂದ ಒಳಗೆ ತುಯ್ತ ತುಂಬಿರುತ್ತದೆ. ಆದುದರಿಂದ ಮತ್ತೊಮ್ಮೆ, ಕೆಲವೊಮ್ಮೆ ಮೂರನೆಯ ಬಾರಿಯೂ, ಅದೇ ಉಷ್ಣತೆಗೆ ಕಾಯಿಸಿ ಆರಿಸಬೇಕು. ಮೊದಲ ಬಾರಿ ಉಳಿದ ಆಸ್ಟೆನೈಟು ಎರಡನೆಯ ಬಾರಿ ಮಾರ್ಪಡುತ್ತದೆ. ಮೊದಲ ಬಾರಿ ಹುಟ್ಟಿದ ಮಾರ್ಟೆನ್ಸೈಟು ಎರಡನೆಯ ಬಾರಿ ಹದಗೊಳ್ಳುತ್ತದೆ. ಬೇರೊಂದು ದಾರಿಯೂ ಉಂಟು. ದ್ರವ ಸಾರಜನಕದಲ್ಲಿ, ಎಂದರೆ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ, ಅದ್ದಿ ತಣಿಸಿದರೆ ಆಸ್ಟೆನೈಟಿನ ಒಂದು ಪಾಲು ನೇರವಾಗಿ ಮಾರ್ಟೆನ್ಸೈಟ್ ಆಗುವುದು. ಅದಕ್ಕೂ ಬಳಿಕ ಟೆಂಪರಿಂಗ್ ಬೇಕೇ ಬೇಕು.

ಉಷ್ಣತೆ ಇನ್ನೂ ಹೆಚ್ಚಾಗಿ, ಕಾಲವೂ ದೀರ್ಘವಾದರೆ ಕಥೆ ಬೇರೆಯಾಗುತ್ತದೆ. ಆಗ ದುಂಡುಗಳ ಅಂಚಿನಿಂದ ಆರಂಭಿಸಿ ಆಸ್ಟೆನೈಟು ಫೆರೈಟ್ ಮತ್ತು ಕಾರ್ಬೈಡ್‌ಗಳ ಪರ್ಲೈಟಿನಂಥ ಮಿಶ್ರಣವಾಗಿ ಒಡೆದುಹೋಗುತ್ತದೆ. ಕಾರ್ಬೈಡ್ ಕಣಗಳು ದಪ್ಪವಾಗುತ್ತವೆ, ಗಡಸುತನ ಇಳಿಯುತ್ತದೆ. ಕೆಲವು ಹತ್ತು ಡಿಗ್ರಿಗಳ ವ್ಯತ್ಯಾಸದಿಂದ ಉತ್ತಮ ಉಪಕರಣವು ನಿರುಪಯುಕ್ತವಾಗಬಹುದು. ಸರಿಯಾದ ಹದದಲ್ಲಿ ಈ ವರ್ಗದ ಉಕ್ಕುಗಳು ರಾಕ್‌ವೆಲ್ ಸಿ ಮಾಪಕದಲ್ಲಿ ೬೦ರ ಆಸುಪಾಸಿನ ಗಡಸುತನವನ್ನು ಪಡೆಯಬಲ್ಲವು.

ಉಷ್ಣತೆಗೆ ಮಣಿಯದ ಬಲೆ

ದುಂಡುಗಳ ಸಮಸ್ಯೆ ಹೀಗೆ ಪರಿಹಾರವಾದರೂ ಅವುಗಳ ಸುತ್ತಣ ಕಾರ್ಬೈಡಿನ ಬಲೆ ಉಳಿದೇ ಇರುತ್ತದೆ. ಬಿರುಕು ಒಮ್ಮೆ ಆ ಬಲೆಯನ್ನು ಹೊಕ್ಕರೆ, ಕೆರೆಯ ಏರಿಯಲ್ಲಿ ನೀರು ದಾರಿ ಕಂಡುಕೊಂಡಂತೆ, ಎಳೆಯಿಂದ ಎಳೆಗೆ ಹರಿದು ವಸ್ತುವನ್ನು ಸೀಳುತ್ತದೆ. ಬಡಿದು ತಯಾರಿಸಿದ ಉಕ್ಕಿನಲ್ಲಿ ಈ ಬಲೆಯನ್ನು ಸುತ್ತಿಗೆಯ ಪೆಟ್ಟೇ ಚೂರುಚೂರಾಗಿ ಒಡೆದಿರುತ್ತದೆ. ಅರೆಘನ ರೂಪಣದ ವಸ್ತುವಾದರೋ ಅಚ್ಚಿನಿಂದಲೇ ಕೊನೆಯ ಆಕಾರದಲ್ಲಿ ಬರುವುದರಿಂದ ಅದನ್ನು ಮತ್ತೆ ಬಡಿಯುವಂತಿಲ್ಲ. ಬಡಿದರೆ ಈ ವಿಧಾನದ ಲಾಭವೇ ಹೋಯಿತು. ಆದುದರಿಂದ ಸುತ್ತಿಗೆ ಮಾಡುತ್ತಿದ್ದ ಕೆಲಸದ ಹೊಣೆಯೂ ಉಷ್ಣೋಪಚಾರದ ಮೇಲೆಯೇ ಬೀಳುತ್ತದೆ.

ಆ ಹೊಣೆಯನ್ನು ಅದು ಪೂರ್ತಿಯಾಗಿ ನಿರ್ವಹಿಸಲಾರದು. ಹೆಚ್ಚಿನ ಉಷ್ಣತೆಯಲ್ಲಿ ದೀರ್ಘಕಾಲ ಹಿಡಿದರೆ ಬಲೆಯ ಎಳೆಗಳು ಅಲ್ಲಲ್ಲಿ ತುಂಡಾಗಿ, ಮೊನೆಗಳು ಮೊಂಡಾಗಿ, ಕಾರ್ಬೈಡುಗಳು ಮಣಿಗಳಂತೆ ದುಂಡಗಾಗುವುದುಂಟು. ಇದರಿಂದ ಬಿರುಕಿನ ದಾರಿ ಕಠಿನವಾಗುತ್ತದೆ. ಆದರೆ ಕ್ರೋಮಿಯಮ್ಮಿನ ಯೂಟೆಕ್ಟಿಕ್ ಕಾರ್ಬೈಡು ಕರಗುವ ಉಷ್ಣತೆಯವರೆಗೂ ಬಹುಮಟ್ಟಿಗೆ ಸ್ಥಿರವಾದುದರಿಂದ ಬಲೆಯನ್ನು ಸಂಪೂರ್ಣವಾಗಿ ಅಳಿಸಲು ಬಾರದು. ವೇಗೋಪಕರಣಗಳ ಉಕ್ಕಾದ ಎಂ ೨ರಲ್ಲಿ ಸ್ವಲ್ಪ ಅನುಕೂಲವಿದೆ. ಶೀಘ್ರವಾಗಿ ಹೆಪ್ಪುಗಟ್ಟಿದಾಗ ಅದರಲ್ಲಿ ಹುಟ್ಟುವ ಒಂದು ಬಗೆಯ ಕಾರ್ಬೈಡು ಅಸ್ಥಿರವಾದುದು. ಸುಮಾರು ೧೧೦೦ ಡಿಗ್ರಿಯಲ್ಲಿ ಅದು ಒಡೆದು ಬೇರೆ ಎರಡು ಬಗೆಯ ಸಣ್ಣ ಕಾರ್ಬೈಡುಗಳಾಗುತ್ತದೆ.

ಎಂ ೨ ಉಕ್ಕು ಇನ್ನೊಂದು ಎಚ್ಚರಿಕೆಯನ್ನೂ ಕಲಿಸುತ್ತದೆ. ಅದನ್ನು ಗಡುಸುಗೊಳಿಸಲು ೧೧೯೦ರಿಂದ ೧೨೩೦ ಡಿಗ್ರಿಯವರೆಗೆ ಕಾಯಿಸುವುದು ರೂಢಿ. ಅದು ಕರಗತೊಡಗುವುದು ಸುಮಾರು ೧೨೪೦ ಡಿಗ್ರಿಯಲ್ಲಿ. ನಡುವೆ ಇರುವ ಅಂತರ ಬಹಳ ಕಿರಿದು. ಅರೆಘನ ರೂಪಣವಾದ ವಸ್ತುವಿನಲ್ಲಿ ಕೊನೆಗೆ ಹೆಪ್ಪುಗಟ್ಟಿದ ಭಾಗವೇ ಮೊದಲು ಕರಗುವುದರಿಂದ, ಉಷ್ಣೋಪಚಾರದ ಕುಲುಮೆ ಸ್ವಲ್ಪ ಮೇಲೇರಿದರೂ ದುಂಡುಗಳ ಅಂಚು ಮತ್ತೆ ಒಸರತೊಡಗುತ್ತದೆ. ಅಲ್ಲಿಗೆ ಆ ವಸ್ತುವಿನ ಕಥೆ ಮುಗಿದಂತೆ.

ಇಂಗಾಲದ ಓಟ, ಕ್ರೋಮಿಯಮ್ಮಿನ ನಡಿಗೆ

ಇಂಗಾಲ ಕಡಿಮೆಯಿರುವ ಉಕ್ಕುಗಳಲ್ಲಿ ಬಲೆಯ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಬೇರಿಂಗುಗಳಿಗೆ ಬಳಸುವ, ಶೇಕಡಾ ಒಂದರಷ್ಟು ಇಂಗಾಲವೂ ಶೇಕಡಾ ಒಂದೂವರೆಯಷ್ಟು ಕ್ರೋಮಿಯಮ್ಮೂ ಇರುವ ಉಕ್ಕನ್ನೂ ಅರೆಘನ ರೂಪಣಕ್ಕೆ ಒಳಪಡಿಸಿದ್ದಾರೆ. ಇಲ್ಲಿಯ ತೊಡಕು ಹಂಚಿಕೆಯದು. ದುಂಡುಗಳ ನಡುವೆ ಕೊನೆಗೆ ಹೆಪ್ಪುಗಟ್ಟಿದ ಭಾಗದಲ್ಲಿ ಇಂಗಾಲ, ಕ್ರೋಮಿಯಂ, ಮ್ಯಾಂಗನೀಸ್ ಹೆಚ್ಚಾಗಿ ತುಂಬಿಕೊಂಡಿರುತ್ತವೆ. ಹೀಗಾಗಿ ಒಂದೇ ವಸ್ತುವಿನಲ್ಲಿ ದುಂಡಿನ ನಡುಭಾಗ ಒಂದು ರಚನೆಯನ್ನು ಪಡೆದರೆ, ಅಂಚು ಇನ್ನೊಂದನ್ನು ಪಡೆಯುತ್ತದೆ.

ಇದನ್ನು ಸರಿಪಡಿಸಲು ೧೨೦೦ ಡಿಗ್ರಿಯ ಸುಮಾರಿನಲ್ಲಿ ದೀರ್ಘಕಾಲ ಹಿಡಿದು ಧಾತುಗಳು ತಾವಾಗಿಯೇ ಸಮನಾಗಿ ಹರಡುವಂತೆ ಮಾಡಬಹುದು. ಆದರೆ ಎಲ್ಲ ಧಾತುಗಳ ಓಟ ಒಂದೇ ಸಮನಲ್ಲ. ಇಂಗಾಲದ ಪರಮಾಣು ಚಿಕ್ಕದು. ಕಬ್ಬಿಣದ ಪರಮಾಣುಗಳ ಸಂದಿನಲ್ಲಿ ಅದು ನುಸುಳಿಕೊಂಡು ಸಾಗುತ್ತದೆ. ಕ್ರೋಮಿಯಮ್ಮಿನ ಪರಮಾಣು ಕಬ್ಬಿಣದಷ್ಟೇ ದೊಡ್ಡದು. ಪಕ್ಕದ ಸ್ಥಾನ ತೆರವಾದಾಗ ಮಾತ್ರ ಅದಕ್ಕೆ ಮುಂದಿನ ಹೆಜ್ಜೆ. ೧೨೦೦ ಡಿಗ್ರಿಯಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ದೂರವನ್ನು ಕ್ರಮಿಸಲು ಇಂಗಾಲಕ್ಕೆ ಹತ್ತಾರು ಸೆಕೆಂಡುಗಳು ಸಾಕಾದರೆ, ಕ್ರೋಮಿಯಮ್ಮಿಗೆ ಹಲವು ಗಂಟೆಗಳು ಬೇಕು. ಇದರ ಮೇಲೆ ಕ್ರೋಮಿಯಂ ತಾನಿರುವೆಡೆಗೆ ಇಂಗಾಲವನ್ನು ಸೆಳೆದುಕೊಳ್ಳುವುದರಿಂದ, ಕ್ರೋಮಿಯಂ ಹರಡುವವರೆಗೆ ಇಂಗಾಲವೂ ಪೂರ್ತಿ ಸಮನಾಗದು.

ಅಷ್ಟು ಹೊತ್ತು ಕಾಯಿಸುವುದಕ್ಕೆ ತಕ್ಕ ಬೆಲೆಯನ್ನು ಕೊಡಬೇಕಾಗುತ್ತದೆ. ಇಂಧನ ಖರ್ಚಾಗುತ್ತದೆ, ಕಣಗಳು ದಪ್ಪವಾಗಿ ಬೆಳೆಯುತ್ತವೆ, ಮೇಲ್ಮೈಯ ಇಂಗಾಲವು ಸುಟ್ಟುಹೋಗಿ ಹೊರಪದರ ಮೆದುವಾಗುತ್ತದೆ, ನಿಖರವಾದ ಆಕಾರ ಸೊಟ್ಟಗಾಗುತ್ತದೆ. ದಪ್ಪವಾದ ಕಣಗಳನ್ನು ಮತ್ತೆ ಸಣ್ಣದು ಮಾಡಲು ೯೦೦ ಡಿಗ್ರಿಯ ಸುಮಾರಿಗೆ ಕಾಯಿಸಿ ಗಾಳಿಯಲ್ಲಿ ಆರಿಸುವ ಇನ್ನೊಂದು ಉಪಚಾರ ಬೇಕಾಗಬಹುದು. ಆದುದರಿಂದ ತಜ್ಞರು ಸಮಸ್ಯೆಯನ್ನು ಅದರ ಮೂಲದಲ್ಲಿಯೇ ಕಡಿಮೆ ಮಾಡಲು ಯತ್ನಿಸುತ್ತಾರೆ. ಸರಿಯಾದ ಉಕ್ಕನ್ನು ಆರಿಸಿಕೊಳ್ಳುವುದು, ದ್ರವದ ಪಾಲನ್ನು ಅಗತ್ಯಕ್ಕಿಂತ ಹೆಚ್ಚಿಸದಿರುವುದು, ದುಂಡುಗಳನ್ನು ಆದಷ್ಟು ಸಣ್ಣದಾಗಿಡುವುದು, ಅಚ್ಚಿನಿಂದ ಬಂದ ವಸ್ತುವನ್ನು ಅದರ ಬಿಸಿಯಿರುವಾಗಲೇ ನಿಯಂತ್ರಿತವಾಗಿ ಆರಿಸಿ ಮರುಕಾಯಿಸುವ ಶ್ರಮವನ್ನು ಉಳಿಸುವುದು — ಇವು ಆ ಯತ್ನದ ಅಂಗಗಳು. ದುಂಡು ಅರ್ಧದಷ್ಟಾದರೆ ಧಾತು ಹರಡಲು ಬೇಕಾದ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಸರಳ ನಿಯಮವೇ ಸಣ್ಣ ಕಣಗಳ ಮಹತ್ತ್ವವನ್ನು ಹೇಳುತ್ತದೆ.

ಉಕ್ಕು ಎಂಬ ಹೆಸರು

ಈ ವಿಷಯಕ್ಕೂ ಕನ್ನಡನಾಡಿಗೂ ಹಳೆಯದೊಂದು ನಂಟಿದೆ. ದಕ್ಷಿಣ ಭಾರತದ ಕಮ್ಮಾರರು ಮಣ್ಣಿನ ಮೂಸೆಗಳಲ್ಲಿ ತಯಾರಿಸುತ್ತಿದ್ದ, ಇಂಗಾಲ ಹೆಚ್ಚಾಗಿರುವ ಉಕ್ಕು ಯುರೋಪಿನಲ್ಲಿ ವೂಟ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ವೂಟ್ಸ್ ಎಂಬುದು ಉಕ್ಕು ಎಂಬ ಮಾತಿನ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. ಈ ಉಕ್ಕನ್ನು ಪಡೆದ ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗಾಗುವವರೆಗೆ ಕಾಯಿಸಿ ಬಡಿದಾಗ ಅದು ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಇಂಗಾಲ ಹೆಚ್ಚಿರುವ ಉಕ್ಕು ಕಡಿಮೆ ಬಿಸಿಯಲ್ಲಿಯೇ ಕಣಗಳ ಅಂಚಿನಲ್ಲಿ ಕರಗತೊಡಗುತ್ತದೆ ಎಂಬುದೇ ಇದಕ್ಕೆ ಕಾರಣ. ಅದನ್ನು ಬಲ್ಲ ಪೂರ್ವದೇಶದ ಕಮ್ಮಾರರು ಕೆಂಪು ಬಿಸಿಯ ಮಿತಿಯಲ್ಲಿಯೇ ತಾಳ್ಮೆಯಿಂದ ಬಡಿದು, ಕಾರ್ಬೈಡುಗಳು ಸಾಲುಗಟ್ಟಿ ಅಲೆಯಲೆಯಾಗಿ ಹೊಳೆಯುವ ಕತ್ತಿಗಳನ್ನು ಮಾಡಿದರು. ಅವರಲ್ಲಿ ಉಷ್ಣತಾಮಾಪಕವಿರಲಿಲ್ಲ, ಲೋಹದ ಬಣ್ಣವೇ ಮಾಪಕವಾಗಿತ್ತು.

ಅಂದಿನ ಕಮ್ಮಾರನು ಯಾವ ಅಂಚಿನ ಕರಗುವಿಕೆಯಿಂದ ದೂರವಿರುತ್ತಿದ್ದನೋ, ಇಂದಿನ ಅರೆಘನ ರೂಪಣವು ಅದನ್ನೇ ಸಾಧನವನ್ನಾಗಿ ಮಾಡಿಕೊಂಡಿದೆ. ಆದರೆ ಕರಗಿದ ಅಂಚು ಮತ್ತೆ ಹೆಪ್ಪುಗಟ್ಟಿದಾಗ ಏನನ್ನು ಉಳಿಸಿಹೋಗುವುದೋ ಅದರ ಲೆಕ್ಕವನ್ನು ಕುಲುಮೆಯ ಮುಂದೆ ತೀರಿಸಲೇಬೇಕಾಗಿದೆ. ದುಂಡುಗಳೊಳಗಿನ ಆಸ್ಟೆನೈಟನ್ನು ಮಾರ್ಪಡಿಸುವುದು ಉಷ್ಣೋಪಚಾರದ ಕೈಯಲ್ಲ್ಲಿದೆ. ಬಲೆಯ ಮೊನೆಗಳನ್ನು ಮೊಂಡಾಗಿಸುವುದು ಸ್ವಲ್ಪಮಟ್ಟಿಗೆ ಇದೆ. ಕ್ರೋಮಿಯಮ್ಮನ್ನು ಸಮನಾಗಿ ಹಂಚುವುದು ಬಹುಕಾಲ ಮತ್ತು ಬಹುವೆಚ್ಚದ ಕೆಲಸ. ಈ ಮಿತಿಗಳನ್ನು ಅರಿತವರು ಉಕ್ಕನ್ನು ಆರಿಸುವಾಗಲೇ ಮುಂದಿನ ಉಪಚಾರವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅಚ್ಚು ಕೊಡುವುದು ಆಕಾರವನ್ನು ಮಾತ್ರ. ಭಾರ ಬಿದ್ದಾಗ ನಿಲ್ಲುವ ಗುಣ ಬರುವುದು ಆ ಬಳಿಕ, ಕಣ್ಣಿಗೆ ಕಾಣದ ಕಣಗಳ ನಡುವೆ, ಸಾಕಷ್ಟು ಸಮಯವನ್ನೂ ತಕ್ಕ ಬಿಸಿಯನ್ನೂ ಪಡೆದ ಮೇಲೆಯೇ. ವಿಜ್ಞಾನವನ್ನು ಬೋಧಿಸುವವರು ಮೂರು ಸೂಜಿಗಳ ಪ್ರಯೋಗವನ್ನು ತರಗತಿಯಲ್ಲಿ ತೋರಿಸಿದರೆ, ಇಷ್ಟು ದೊಡ್ಡ ವಿಷಯದ ಬಾಗಿಲನ್ನು ಮಕ್ಕಳಿಗೆ ತೆರೆದಂತಾಗುತ್ತದೆ.